ಪ್ಯಾರಿಷ್ ಹಾಲ್‌ನ ಬೀಗದ ಕೈ ಕೊಡಿ: ನಮ್ಮ ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಗೆ,
ಸಭಾಪಾಲಕರು ಮತ್ತು ಪಾಸ್ಟರೇಟ್ ಕಮಿಟಿಯ ಹಿರಿಯರು,
ನಮ್ಮ ಕನ್ನಡ ಕ್ರೈಸ್ತ ಸಭೆ (ಚರ್ಚ್), ಕೆಜಿಎಫ್, ಕೋಲಾರ ಜಿಲ್ಲೆ

ವಿಷಯ: ಶನಿವಾರದ ರಾಕ್ ಬ್ಯಾಂಡ್ ಹುಡುಗರಿಗೆ ಹಾಲ್ ಕೊಡುವುದನ್ನು ನಿಲ್ಲಿಸಿರುವ ಬಗ್ಗೆ

ಮಾನ್ಯರೇ, ಕರ್ತನಲ್ಲಿ ಪ್ರಿಯರೇ,

ಈ ವಿಷಯವನ್ನು ಮೊದಲು ಕಮಿಟಿಗೇ ಬರೆದು ಕೊಟ್ಟಿದ್ದೆ. ಒಂದಲ್ಲ, ಎರಡು ಸಲ. ಮೊದಲನೆಯದಕ್ಕೆ "ನೋಡೋಣ ಟೀಚರಮ್ಮ" ಅಂದಿರಿ. ಎರಡನೆಯದಕ್ಕೆ ಅದೂ ಇಲ್ಲ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಸಭೆಯ ಹೆಸರಾಗಲಿ ಯಾರ ಹೆಸರಾಗಲಿ ಹಾಕಿಲ್ಲ. ಮನೆಯ ಜಗಳವನ್ನು ಬೀದಿಗೆ ತಂದಳು ಅಂತ ಬೇಜಾರಾಗಬಹುದು. ಆಗಲಿ. ಇಂಥ ಬೀಗ ಬೇರೆ ಊರುಗಳ ಹಾಲ್‌ಗಳಿಗೂ ಬಿದ್ದಿರಬಹುದು, ಅವರೂ ಓದಲಿ.

ನಾನು ಈ ಊರಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು. ಈಗ ಕಮಿಟಿಯಲ್ಲಿ ಕೂತಿರುವ ಇಬ್ಬರ ಕಾಗುಣಿತ ತಿದ್ದಿದವಳೂ ನಾನೇ. ನಮ್ಮ ಯಜಮಾನರು ಗಣಿಯಲ್ಲಿದ್ದರು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಯ ಕಂಪನಿ ಬಿಜಿಎಂಎಲ್ ಬಾಗಿಲು ಹಾಕುವವರೆಗೂ ಇದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರಾಕ್ ಸಂಗೀತ ನನಗೆ ಇಷ್ಟವಿಲ್ಲ. ನಮ್ಮೂರಿನ ಹಳಬರಿಗೆ ರಾಕ್ ಅಂದರೆ ನೆನಪಾಗುವುದು ರಾಕ್ ಬರ್ಸ್ಟ್. ಎಲ್ಲೋ ಆಳದಲ್ಲಿ ಬಂಡೆ ಸಿಡಿಯುತ್ತಿತ್ತು, ಮೇಲೆ ಮನೆಯಲ್ಲಿ ಪಾತ್ರೆ ಅಲುಗುತ್ತಿತ್ತು, ಹೆಂಗಸರೆಲ್ಲ ಗಣಿಗೆ ಇಳಿಯುವ ಶಾಫ್ಟ್ ಕಡೆ ಓಡುತ್ತಿದ್ದೆವು. ಆ ಹುಡುಗರು ಹಾಲ್‌ನಲ್ಲಿ ಡ್ರಮ್ ಬಾರಿಸಿದ ಮೊದಲ ಶನಿವಾರ ನಾನು ಅದೇ ಎದೆಬಡಿತದಲ್ಲಿ ಮನೆಯಿಂದ ಹೊರಗೆ ಬಂದೆ. ಬಯ್ಯೋಣ ಅಂತಲೇ ಹೋದೆ. ಹೋದವಳು ಕೂತುಬಿಟ್ಟೆ. ಆಮೇಲೆ ಸುಮಾರು ಒಂದೂವರೆ ವರ್ಷ, ಮೊಣಕಾಲು ನೋವಿನ ದಿನಗಳನ್ನು ಬಿಟ್ಟರೆ, ಒಂದು ಶನಿವಾರವೂ ತಪ್ಪಿಸಿಲ್ಲ. ನಿಮ್ಮಲ್ಲಿ ಎಷ್ಟು ಜನ ಒಂದು ದಿನವಾದರೂ ಬಂದು ಪೂರ್ತಿ ಕೂತಿದ್ದಿರಿ? ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಂಡು ಹೋದವರನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬ್ಯಾಂಡ್‌ನಲ್ಲಿ ಐದು ಜನ. ಡ್ರಮ್‌ನವನಿಗೆ ನರಸಾಪುರದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಬೇಸ್ ಗಿಟಾರ್‌ನವನು ಕತ್ತಲೆ ಇರುವಾಗಲೇ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ವಾಪಸ್ ಬರುವವನು. ಕೀಬೋರ್ಡ್ ನುಡಿಸುವ ಹುಡುಗಿ ನರ್ಸಿಂಗ್ ಓದುತ್ತಿದ್ದಾಳೆ. ಇನ್ನಿಬ್ಬರು ಅಣ್ಣತಮ್ಮಂದಿರು, ಒಬ್ಬ ಹಾಡುತ್ತಾನೆ, ಇನ್ನೊಬ್ಬ ಗಿಟಾರ್. ಕನ್ನಡದಲ್ಲಿ ನಾಲ್ಕು ಹಾಡು, ತಮಿಳಿನಲ್ಲಿ ಎರಡು, ತೆಲುಗಿನಲ್ಲಿ ಒಂದು. ಇಂಗ್ಲಿಷ್‌ನಲ್ಲಿ ಸ್ಕಿಲೆಟ್ ಅನ್ನುವ ಅಮೆರಿಕದ ಬ್ಯಾಂಡ್‌ನ ಹಾಡುಗಳು. ಹಾಗಂದರೆ ಏನಪ್ಪಾ ಅಂತ ಕೇಳಿದೆ. "ಬಾಣಲೆ, ಟೀಚರಮ್ಮ" ಅಂದ ಅವರಲ್ಲೊಬ್ಬ. 1996ರಿಂದ ಹಾಡುತ್ತಿರುವ ಕ್ರೈಸ್ತ ರಾಕ್ ಬ್ಯಾಂಡ್ ಅಂತೆ. ದೇವರನ್ನು ಸ್ತುತಿಸುವ ಬ್ಯಾಂಡ್‌ಗೆ ಬಾಣಲೆ ಅಂತ ಯಾಕೆ ಹೆಸರಿಟ್ಟರೋ. ಇರಲಿ.

ನನ್ನನ್ನು ಹಿಡಿದು ಕೂರಿಸಿದ್ದು ಅವರೇ ರಾಗ ಹಾಕಿದ ಬೈಬಲ್‌ನ 88ನೇ ಕೀರ್ತನೆ. ನಮ್ಮ ಭಾನುವಾರದ ಆರಾಧನೆಯಲ್ಲಿ ಅದನ್ನು ಒಂದು ಸಲವಾದರೂ ಓದಿದ್ದು ನನಗೆ ನೆನಪಿಲ್ಲ. ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಬಂದಾಗ ನಂಬಿಕೆಯ ಮಾತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕೂಗಿ, ಅತ್ತು, ಕತ್ತಲೆಯಲ್ಲೇ ನಿಲ್ಲುತ್ತದೆ. ಆ ಹುಡುಗರೂ ಹಾಗೇ ನಿಲ್ಲಿಸಿದರು. ಡ್ರಮ್ ನಿಂತಿತು, ಗಿಟಾರ್ ನಿಂತಿತು. ಯಾರೂ ಹಲ್ಲೆಲೂಯ ಅನ್ನಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಹತ್ತೊಂಬತ್ತು ಇಪ್ಪತ್ತರ ಹುಡುಗನೊಬ್ಬ ತೋಳಿನಿಂದ ಮುಖ ಒರೆಸಿಕೊಂಡ.

ಹಾಡು ಮುಕ್ಕಾಲು ಗಂಟೆ. ಮಿಕ್ಕಿದ್ದೆಲ್ಲ ಆಮೇಲೆ. ಮೈಕ್ ಬಂದ್ ಮಾಡಿ, ಕುರ್ಚಿಗಳನ್ನು ಸುತ್ತ ಹಾಕಿ, ಟೀ ಮತ್ತು ಬನ್ ಕೊಡುತ್ತಿದ್ದರು. ಬನ್ ಖರ್ಚು ಅವರದೇ. ಮಾತಾಡುವವರು ಮಾತಾಡಲಿ, ಸುಮ್ನೆ ಕೂರುವವರು ಸುಮ್ನೆ ಕೂರಲಿ. ಕೆಲಸ ಹೋದವನು, ಸೆಕೆಂಡ್ ಪಿಯು ಎರಡು ಸಲ ಕಟ್ಟಿ ಫೇಲಾದವನು, ಅಪ್ಪನ ಕುಡಿತಕ್ಕೆ ಹೆದರಿ ಮನೆಗೆ ಹೋಗಲು ಹಿಂದೇಟು ಹಾಕುವವಳು. ಸಾಯಬೇಕು ಅಂತ ಬೈಬಲ್‌ನ ಪ್ರವಾದಿ ಎಲೀಯನು ಗಿಡದ ಕೆಳಗೆ ಮಲಗಿದಾಗ ದೂತನು ಮೊದಲು ಮಾಡಿದ್ದೇನು? ರೊಟ್ಟಿ, ನೀರು ಕೊಟ್ಟನು. ತಿಂದು ಮತ್ತೆ ಮಲಗಲು ಬಿಟ್ಟನು. ಪ್ರಶ್ನೆ ಕೇಳಿದ್ದು ಎಷ್ಟೋ ದಿನ ಬಿಟ್ಟು. ನಾವಾದರೆ ಬಾಗಿಲಲ್ಲೇ "ಯಾಕಪ್ಪ ಚರ್ಚ್‌ಗೆ ಬರ್ತಾ ಇಲ್ಲ" ಅಂತ ಶುರು ಮಾಡುತ್ತೇವೆ.

ನನ್ನ ತಮ್ಮನ ಮಗನ ವಿಷಯ ಹೇಳಬೇಕು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದ. ಫೋನಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಅಂಟಿಕೊಂಡಿತು. ಅದಕ್ಕೆ ಸಾಲದ ಆಪ್, ಆ ಸಾಲ ತೀರಿಸಲು ಇನ್ನೊಂದು ಆಪ್. ಸಾಲದವರು ಅವನ ಫೋನಿನಲ್ಲಿದ್ದ ನಂಬರ್‌ಗಳಿಗೆಲ್ಲ ಮೆಸೇಜ್ ಕಳಿಸಿದರು, ನನಗೂ ಬಂತು. ಊರಿಗೆ ಬಂದು ರೂಮಿನ ಬಾಗಿಲು ಹಾಕಿಕೊಂಡ. ನಾದಿನಿ ಮೂರು ಕಡೆಯಿಂದ ಪ್ರಾರ್ಥನೆ ಎಣ್ಣೆ ತಂದಳು. ನಾನೂ ಬುದ್ಧಿ ಹೇಳಿದೆ. ಟೀಚರ್ ಅಲ್ವಾ, ಅದೊಂದು ಚೆನ್ನಾಗಿ ಬರುತ್ತದೆ. ಎರಡು ಸಲ ಸಾಯುವ ಮಾತಾಡಿದ. ತಮ್ಮ ಅದನ್ನು ಹೊರಗೆ ಹೇಳಲೇ ಇಲ್ಲ. ಪೊಲೀಸ್ ಕೇಸ್ ಆಗುತ್ತದೆ ಅಂತ ಅವನಿಗೆ ಭಯ.

ಒಂದು ಶನಿವಾರ ಹುಡುಗ ತಾನಾಗಿಯೇ ರೂಮಿನಿಂದ ಹೊರಗೆ ಬಂದ. ಡ್ರಮ್ ಸದ್ದು ಎಲ್ಲಿಂದ ಅಂತ ನೋಡಲು ಬಂದನಂತೆ. ಮೂರು ವಾರ ಹಾಲ್‌ನ ಬಾಗಿಲ ಹತ್ತಿರವೇ ನಿಂತ. ಯಾರೂ "ಒಳಗೆ ಬಾ" ಅಂತ ಎಳೆಯಲಿಲ್ಲ. ನಾಲ್ಕನೇ ವಾರ ಡ್ರಮ್‌ನವನು ಒಂದು ವೈರ್ ತಂದು ಅವನ ಕೈಗೆ ಕೊಟ್ಟು, "ಇದನ್ನ ಸುತ್ತಿಡು ಮಗಾ, ನಂಗೆ ರೈಲಿಗೆ ಲೇಟಾಯ್ತು" ಅಂದ. ಅವನಿಗೆ ಯಾವ ರೈಲೂ ಇರಲಿಲ್ಲ, ಬೈಕ್‌ನಲ್ಲಿ ಓಡಾಡುವವನು. ಅವತ್ತಿನಿಂದ ವೈರ್ ಸುತ್ತುವುದು ನಮ್ಮ ಹುಡುಗನ ಕೆಲಸವಾಯಿತು.

ಒಂದು ತಿಂಗಳಾದ ಮೇಲೆ ಕೀಬೋರ್ಡ್ ಹುಡುಗಿ ನಮ್ಮ ತಮ್ಮನ ಮನೆಗೆ ಬಂದು ಕೂತಳು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಬಗ್ಗೆ ಹೇಳಿದಳು. ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ನೋಡುತ್ತದೆ, ಶಿಕ್ಷೆ ಕೊಡುವುದಿಲ್ಲ, ಅಂಥವರ ಆರೈಕೆ ಸರ್ಕಾರದ ಹೊಣೆ ಅಂತ ಬಿಡಿಸಿ ಹೇಳಿದಳು. ಇವನು ಪ್ರಯತ್ನವನ್ನೂ ಮಾಡಿಲ್ಲ, ಬರೀ ಮಾತಾಡಿದ್ದಾನೆ, ಭಯ ಯಾಕೆ ಅಂಕಲ್ ಅಂದಳು. ಆ ವಾರವೇ ಅವಳೂ ಡ್ರಮ್‌ನವನೂ ಸೇರಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡ್ರಮ್‌ನವನಿಗೆ ಅವತ್ತು ಒಂದು ದಿನದ ಸಂಬಳ ಹೋಯಿತು. ಮಾತ್ರೆ ಶುರುವಾಯಿತು, ತಿಂಗಳಿಗೊಮ್ಮೆ ಡಾಕ್ಟರ್ ಹತ್ತಿರ ಮಾತು. ಈಗ ರಾಬರ್ಟ್‌ಸನ್‌ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಪೂರ್ತಿ ಸರಿಹೋಗಿದ್ದಾನೆ ಅಂತ ನಾನು ಹೇಳುವುದಿಲ್ಲ. ಊಟಕ್ಕೆ ಬರುತ್ತಾನೆ, ಜಗಳ ಆಡುತ್ತಾನೆ. ನಮಗೆ ಅಷ್ಟು ಸಾಕಾಗಿದೆ.

ಇದನ್ನು ಡ್ರಮ್ ವಾಸಿ ಮಾಡಿತು ಅಂತ ಯಾರಾದರೂ ಸಾಕ್ಷಿ ಹೇಳಿದರೆ ನಾನೇ ಎದ್ದು ನಿಂತು ತಡೆಯುತ್ತೇನೆ. ದಾವೀದನು ಕಿನ್ನರಿ ಬಾರಿಸಿದಾಗ ಅರಸ ಸೌಲನಿಗೆ ಸಮಾಧಾನವಾಗುತ್ತಿತ್ತು ಅಂತ ನಾವು ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಬೈಬಲ್‌ನ ಮೊದಲನೇ ಸಮುವೇಲ, 16ನೇ ಅಧ್ಯಾಯ. ಇನ್ನೆರಡು ಅಧ್ಯಾಯ ಮುಂದೆ ಹೋಗಿ. ದಾವೀದನು ಅದೇ ಕಿನ್ನರಿ ಬಾರಿಸುತ್ತಿರುವಾಗಲೇ ಸೌಲನು ಅವನ ಮೇಲೆ ಈಟಿ ಎಸೆಯುತ್ತಾನೆ. ಸಂಗೀತಕ್ಕೆ ಇರುವ ಶಕ್ತಿಯೂ ಅದರ ಮಿತಿಯೂ ಒಂದೇ ಪುಸ್ತಕದಲ್ಲಿವೆ. ಹಾಡು ನಮ್ಮ ಹುಡುಗನನ್ನು ರೂಮಿನಿಂದ ಹಾಲ್‌ವರೆಗೆ ಕರೆತಂದಿತು. ಹಾಲ್‌ನಿಂದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಮನುಷ್ಯರು. ನೀವು ಬೀಗ ಹಾಕಿದ್ದು ಆ ಮಧ್ಯದ ಜಾಗಕ್ಕೆ.

2022ರಲ್ಲಿ ಈ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಲೆಕ್ಕ ಇದು. ದಿನಕ್ಕೆ ಮೂವತ್ತೈದಕ್ಕೂ ಹೆಚ್ಚು. ನನ್ನ ಸರ್ವಿಸ್‌ನಲ್ಲಿ ಹೆಚ್ಚುಕಡಿಮೆ ಒಂದು ತರಗತಿಯಲ್ಲಿ ಅಷ್ಟೇ ಮಕ್ಕಳಿರುತ್ತಿದ್ದರು. ಪ್ರತಿದಿನ ಹಾಜರಿ ಪುಸ್ತಕದ ಒಂದು ಪುಟ. ವಿದ್ಯಾರ್ಥಿಗಳಲ್ಲದವರು ಈ ಲೆಕ್ಕದಲ್ಲಿ ಇಲ್ಲ.

ಈಗ ನಿಮ್ಮ ಆಕ್ಷೇಪಣೆಗಳಿಗೆ ಬರುತ್ತೇನೆ.

ಶಬ್ದದ ದೂರು ನಿಜ. ಹಿಂದಿನ ಬೀದಿಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಅವರಿಗೆ ತೊಂದರೆಯಾಗಿದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಜನವಸತಿ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಹುಡುಗರು ಎಂಟೂವರೆಗೆಲ್ಲ ಮುಗಿಸುತ್ತಿದ್ದರು, ಸಮಯ ಮೀರಿಲ್ಲ, ಆದರೆ ಸದ್ದು ಮೀರಿದೆ. ಹೇಳಿದ ಮೇಲೆ ಕಿಟಕಿಗಳಿಗೆ ಹಳೆ ಹಾಸಿಗೆ ಕಟ್ಟಿದರು, ದೊಡ್ಡ ಸ್ಪೀಕರ್ ತೆಗೆದರು. ಅಜ್ಜಿಯ ಮಗಳೇ ಬಂದು ಈಗ ಪರವಾಗಿಲ್ಲ ಅಂದರು. ಆದರೂ ಕಮಿಟಿ ಇದನ್ನೇ ಮೊದಲ ಕಾರಣ ಅಂತ ಬರೆದಿದೆ. ಹಾಗಾದರೆ ಸುಗ್ಗಿ ಹಬ್ಬದ ದಿನ ಒಂದು ಕುಂಬಳಕಾಯಿಯನ್ನು ಹರಾಜು ಹಾಕಲು ನಾವು ಮೈಕ್‌ನಲ್ಲಿ ಕೂಗಿದ್ದು ಎಷ್ಟು ಡೆಸಿಬೆಲ್ ಇತ್ತು? ಅವತ್ತು ಅಜ್ಜಿ ಅದೇ ಮನೆಯಲ್ಲೇ ಇದ್ದರು.

ಇದು ಲೋಕದ ಸಂಗೀತ, ವಿದೇಶದ ಸಂಗೀತ ಅನ್ನುವುದು ಎರಡನೆಯದು. ನಮ್ಮ ಸಭೆಯ ಹಾರ್ಮೋನಿಯಂ ಎಲ್ಲಿಂದ ಬಂತು? ಕೋಲಾರದ ಕೆರೆಯಲ್ಲಿ ಬೆಳೆದದ್ದಲ್ಲ ಅಲ್ವಾ. ನಿಘಂಟಿನ ಕಿಟೆಲ್ ಅವರು 1862ರಲ್ಲೇ ಯೇಸುವಿನ ಜೀವನವನ್ನು ಈ ನೆಲದ ಹಾಡಿನ ಧಾಟಿಗೆ ಇಳಿಸಿದರು. ಜನ ಯಾವ ಧಾಟಿಯಲ್ಲಿ ಕೇಳುತ್ತಾರೋ ಆ ಧಾಟಿ ಹಿಡಿದರು. ಇವತ್ತಿನ ಹುಡುಗರ ಕಿವಿಯಲ್ಲಿ ಇರುವುದು ಗಿಟಾರ್. ಅದರಲ್ಲೂ ನಮ್ಮೂರಿಗೆ ಗಿಟಾರ್ ಹೊಸದಲ್ಲ. ಲಿಟಲ್ ಇಂಗ್ಲೆಂಡ್ ಅಂತ ಹೆಸರು ಪಡೆದ ಊರು ಇದು. ಕ್ಲಬ್‌ಗಳಲ್ಲಿ ಡ್ಯಾನ್ಸ್ ನಡೆಯುತ್ತಿದ್ದ ಕಾಲವನ್ನು ನೆನೆದು ನಿಟ್ಟುಸಿರು ಬಿಡುವ ಹಿರಿಯರು ನಮ್ಮ ಕಮಿಟಿಯಲ್ಲೇ ಇದ್ದಾರೆ.

ಈ ಜಗಳ ಅಮೆರಿಕದಲ್ಲೂ ಆಗಿದೆ. 1969ರಲ್ಲಿ ಲ್ಯಾರಿ ನಾರ್ಮನ್ ಯೇಸುವಿನ ಬಗ್ಗೆ ರಾಕ್ ಹಾಡುಗಳ ಆಲ್ಬಮ್ ತಂದಾಗಲೇ ಶುರುವಾಗಿತ್ತು. 1980ರ ದಶಕದಲ್ಲಿ ಸ್ಟ್ರೈಪರ್ ಅನ್ನುವ ಬ್ಯಾಂಡ್‌ನವರು ಹಳದಿ ಕಪ್ಪು ಪಟ್ಟೆಯ ಬಟ್ಟೆ ಹಾಕಿಕೊಂಡು ಹಾಡುತ್ತಾ, ಕೇಳಲು ಬಂದವರ ಕಡೆ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿದ್ದರು. ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ ಅಂಥವರು ಕ್ರೈಸ್ತ ರಾಕ್ ಅನ್ನೇ ಕಟುವಾಗಿ ಖಂಡಿಸಿದರು. ಪುಸ್ತಕ ಎಸೆಯುವುದು ಟೀಚರ್ ಆದ ನನಗೂ ಸರಿ ಕಾಣುವುದಿಲ್ಲ. ನಮ್ಮ ಹುಡುಗರು ಯಾರಿಗೂ ಏನನ್ನೂ ಎಸೆದಿಲ್ಲ. ಬನ್ ಕೊಟ್ಟಿದ್ದಾರೆ, ಅದೂ ಕೈಗೆ.

ಮೂರನೆಯದು ನನಗೆ ನಿಜವಾಗಿ ತಲೆಬುಡ ಅರ್ಥವಾಗದ ಆಕ್ಷೇಪಣೆ. ಹಾಲ್‌ಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಒಬ್ಬ ಹಿರಿಯರು, "ಇಷ್ಟು ಜನ ಬಂದರೂ ಒಬ್ಬರೂ ದೀಕ್ಷಾಸ್ನಾನಕ್ಕೆ ಬರಲಿಲ್ಲ, ಇದು ಎಂಥ ಸೇವೆ" ಅಂದರು. ಅದೇ ಮೀಟಿಂಗ್‌ನಲ್ಲಿ ಇನ್ನೊಬ್ಬರು, "2022ರಲ್ಲಿ ಮತಾಂತರದ ಕಾಯ್ದೆ ಬಂದಿದೆ, ನಾಳೆ ನಮ್ಮ ಮೇಲೆ ಕೇಸ್ ಹಾಕಿದರೆ" ಅಂದರು. ಮತಾಂತರ ಮಾಡಲಿಲ್ಲ ಅಂತಲೂ ತಪ್ಪು, ಮಾಡಿಬಿಟ್ಟಾರು ಅಂತಲೂ ತಪ್ಪು. ಎರಡನೆಯವರ ಭಯ ನನಗೆ ಗೊತ್ತಾಗುತ್ತದೆ, ಕಾಲ ಹಾಗಿದೆ. ಮೊದಲನೆಯವರ ಮಾತಿಗೆ ಮಾತ್ರ ನನ್ನ ವಿರೋಧವಿದೆ. ಸಾಯಲು ಹೊರಟವನ ಮುಂದೆ ಟೀ ಇಟ್ಟು, ಅದಕ್ಕೆ ಬದಲಾಗಿ ಅವನ ಹೆಸರನ್ನು ನಮ್ಮ ರಿಜಿಸ್ಟರ್‌ಗೆ ಕೇಳುವುದು ಚೌಕಾಶಿ. ಹುಡುಗರು ಆ ಚೌಕಾಶಿ ಮಾಡಲಿಲ್ಲ. ಯಾರಾದರೂ ಕೇಳಿದರೆ ತಮ್ಮ ನಂಬಿಕೆ ಏನು ಅಂತ ಹೇಳಿದರು. ಕೇಳದವರಿಗೆ ಬನ್ ಕೊಟ್ಟರು.

ನಾಲ್ಕನೆಯದನ್ನು ನೀವು ಕಾಗದದಲ್ಲಿ ಬರೆದಿಲ್ಲ, ಆದರೆ ಬೀಗ ಬಿದ್ದದ್ದು ಅದಕ್ಕೇ. ಹೋದ ವರ್ಷ ಯುವಜನರ ವಿಶೇಷ ಕೂಟ ಅಂತ ಮಾಡಿದಿರಿ. ಹಾಡು ಬ್ಯಾಂಡ್‌ನದು, ಬೋಧನೆ ಹೊರಗಿನಿಂದ ಬಂದ ಅತಿಥಿಯದು. ಖಿನ್ನತೆ ಅನ್ನುವುದು ದುರಾತ್ಮ, ಮಾತ್ರೆ ತಿನ್ನುವುದು ಅಪನಂಬಿಕೆ ಅಂತ ಅವರು ಕೂಗಿದರು. ಒಬ್ಬ ಹುಡುಗಿ ಬ್ಯಾಗಿನಿಂದ ತನ್ನ ಮಾತ್ರೆ ತೆಗೆದು ಎತ್ತಿ ತೋರಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ವಾರಕ್ಕೆ ಅವಳು ಆಸ್ಪತ್ರೆಗೆ ಸೇರಿದಳು. ದೇವರ ದಯೆ, ಬದುಕಿದಳು. ಅವಳ ತಂದೆ ಬಂದು ಜಗಳವಾಡಿದಾಗ ಕಮಿಟಿ ಬ್ಯಾಂಡ್ ಕಡೆ ಬೆರಳು ತೋರಿಸಿತು. ಆ ಅತಿಥಿಗೆ ಪತ್ರ ಬರೆದು ಕರೆಸಿದ್ದು ಯಾರು? ಶಾಲು ಹೊದಿಸಿದ್ದು ಯಾರು? ಪತ್ರದ ಕನ್ನಡ ತಿದ್ದಿಕೊಡಿ ಅಂತ ನನ್ನ ಹತ್ತಿರವೇ ತಂದಿದ್ದಿರಿ. ತಿದ್ದಿಕೊಟ್ಟ ತಪ್ಪು ನನ್ನದೂ ಇದೆ.

ಹುಡುಗರದ್ದೂ ಇದೆ. ಇದನ್ನು ಅವರ ಮುಂದೆಯೇ ಹೇಳಿದ್ದೇನೆ. ಆ ಮನುಷ್ಯ ಮಾತ್ರೆ ಬಿಡಿ ಅನ್ನುತ್ತಿದ್ದಾಗ ಹಿಂದೆ ಮೆಲ್ಲಗೆ ಕೀಬೋರ್ಡ್ ನಡೆಯುತ್ತಲೇ ಇತ್ತು. ನರ್ಸಿಂಗ್ ಓದುವ ಹುಡುಗಿಗೆ ಅದು ತಪ್ಪು ಅಂತ ಗೊತ್ತಿತ್ತು. ಕೈ ತೆಗೆಯಲು ಧೈರ್ಯ ಬರಲಿಲ್ಲ, ವೇದಿಕೆಯಲ್ಲಿ ಹಿರಿಯರೆಲ್ಲ ಕೂತಿದ್ದರು ಅಂದಳು. ಹೇಳುವಾಗ ಅತ್ತಳು. ಇನ್ನೊಂದು ಸಲ ಒಬ್ಬ ಹುಡುಗ ತನ್ನ ಬದುಕಿನ ಬಗ್ಗೆ ಹೇಳಿಕೊಂಡ ಸಾಕ್ಷಿಯನ್ನು ವಿಡಿಯೊ ಮಾಡಿ ವಾಟ್ಸಾಪ್‌ಗೆ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು. ಅದು ಅವನ ಫ್ಯಾಕ್ಟರಿಯವರೆಗೂ ಹೋಗಿ, ಅವನು ಆ ಕೆಲಸಕ್ಕೆ ಮತ್ತೆ ಮುಖ ತೋರಿಸಲಿಲ್ಲ. ಅವತ್ತಿನಿಂದ ಹಾಲ್‌ನೊಳಗೆ ಫೋನ್ ಎತ್ತಬಾರದು ಅಂತ ಅವರೇ ನಿಯಮ ಮಾಡಿಕೊಂಡರು. ತಪ್ಪು ಮಾಡಿದವರು ತಿದ್ದಿಕೊಂಡಿದ್ದಾರೆ. ಕಮಿಟಿ ಏನು ತಿದ್ದಿಕೊಂಡಿತು?

ನನ್ನ ಬೇಡಿಕೆ ದೊಡ್ಡದೇನಲ್ಲ. ಶನಿವಾರ ಸಂಜೆ ಐದೂವರೆಯಿಂದ ಎಂಟೂವರೆವರೆಗೆ ಹಾಲ್ ಕೊಡಿ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅನ್ನುವ ಮಾತೂ ಕೇಳಿದೆ, ಹೆಚ್ಚಾದದ್ದನ್ನು ನನ್ನ ಪೆನ್ಷನ್‌ನಲ್ಲಿ ಕಟ್ಟುತ್ತೇನೆ, ರಸೀದಿ ಕೊಟ್ಟರೆ ಸಾಕು. ನಮ್ಮ ಸಭೆಯ ಯಾವ ಮೈಕ್‌ನಿಂದಲೂ, ಯಾವ ದೊಡ್ಡ ಅತಿಥಿಯೂ, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಅಂತ ಹೇಳಬಾರದು. ಇದನ್ನು ಕಮಿಟಿಯ ನಡಾವಳಿಯಲ್ಲಿ ಬರೆಯಿರಿ. ರೋಗಿಗೆ ವೈದ್ಯನು ಬೇಕು ಅಂತ ಹೇಳಿದ್ದು ನಾನಲ್ಲ, ಮಾರ್ಕನ ಸುವಾರ್ತೆ ಎರಡನೇ ಅಧ್ಯಾಯ ತೆಗೆದು ನೋಡಿ. ವರ್ಷಕ್ಕೆ ಎರಡು ಸಲವಾದರೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕರೆಸಿ. ಈ ಕಾರ್ಯಕ್ರಮದ ಮಾದರಿಯನ್ನು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಮೊದಲು ಮಾಡಿ ತೋರಿಸಿದರು, ಆಮೇಲೆ ದೇಶಕ್ಕೆ ಹೋಯಿತು. ಹುಡುಗರಿಗೆ ಗಿಟಾರ್ ಗೊತ್ತು. ಎದುರಿಗೆ ಕೂತವನು ಸಾಯುವ ಮಾತಾಡಿದಾಗ ಏನು ಕೇಳಬೇಕು, ಯಾವಾಗ ಒಬ್ಬನೇ ಬಿಡಬಾರದು ಅನ್ನುವುದನ್ನು ತಿಳಿದವರು ಕಲಿಸಬೇಕು. ಹಾಲ್‌ನ ಬಾಗಿಲಲ್ಲಿ 14416 ಅಂತ ದೊಡ್ಡದಾಗಿ ಬರೆಸಿ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಪೇಂಟ್ ನಾನು ತರುತ್ತೇನೆ. ನನ್ನ ಅಕ್ಷರ ಇನ್ನೂ ದುಂಡಗೇ ಇದೆ.

ಆ ಹುಡುಗಿಯ ಮನೆಗೆ ಕಮಿಟಿಯಿಂದ ಇಬ್ಬರಾದರೂ ಹೋಗಿ ಬನ್ನಿ. ಪ್ರಾರ್ಥನೆ ಮಾಡಲು ಹೋಗಬೇಡಿ, ಕ್ಷಮೆ ಕೇಳಲು ಹೋಗಿ. ನಾನೂ ಜೊತೆಗೆ ಬರುತ್ತೇನೆ.

ಬೀಗ ಬಿದ್ದು ಈಗ ಹನ್ನೊಂದು ಶನಿವಾರ. ಡ್ರಮ್ ಸೆಟ್ ನಮ್ಮ ನಡುಮನೆಯಲ್ಲಿದೆ, ಮೇಲೆ ಹಳೆ ಸೀರೆ ಹೊದಿಸಿದ್ದೇನೆ. ತಮ್ಮನ ಮಗ ಅಂಗಡಿ ಮುಗಿಸಿ ಬಂದು ಅದರ ಧೂಳು ಒರೆಸಿ, ಸುತ್ತಿಟ್ಟ ವೈರ್‌ಗಳನ್ನೇ ಬಿಚ್ಚಿ ಮತ್ತೆ ಸುತ್ತಿಟ್ಟು ಹೋಗುತ್ತಾನೆ. ಶನಿವಾರ ಏನಾಯಿತು ಅಂತ ಕೇಳಿಕೊಂಡು ಮನೆ ಬಾಗಿಲಿಗೆ ಬರುವವರಿಗೆ ನಾನು ಟೀ ಕೊಡುತ್ತೇನೆ, ನಮ್ಮ ಮನೆಯಲ್ಲಿ ಏಳು ಜನರ ಮೇಲೆ ಕೂರಲು ಜಾಗವಿಲ್ಲ. ಹೋದ ವಾರ ಇಬ್ಬರು ಮೆಟ್ಟಿಲ ಮೇಲೆ ಕೂತಿದ್ದು, ಹಾಗೇ ಎದ್ದು ಹೋದರು. ಅವರ ಹೆಸರು ನನಗೆ ಗೊತ್ತಿಲ್ಲ.

ಬರುವ ಶನಿವಾರ ಐದು ಗಂಟೆಗೆ ಲಗೇಜ್ ಆಟೊ ಹೇಳಿದ್ದೇನೆ. ಬೀಗದ ಕೈ ವಾಚ್‌ಮನ್ ಹತ್ತಿರ ಕೊಟ್ಟಿರಿ.

ಇಂತಿ ನಿಮ್ಮ ವಿಶ್ವಾಸಿ,
ಟೀಚರಮ್ಮ
ಕೆಜಿಎಫ್